ಆಟೋ ಅಣ್ಣಂಗೂ ಟರ್ಮ್ಸ್ ಅಂಡ್ ಕಂಡಿಷನ್ಸ್

ಅಫಿಲಿಯೇಟ್ ಮಾರ್ಕೆಟಿಂಗು, ಅಂದ್ರೆ ನಿಮ್ಮ ವೆಬ್‌ಸೈಟಲ್ಲಿ ಹಾಕಿದ ಲಿಂಕ್ ಒತ್ತಿ ಯಾರಾದ್ರೂ ಸಾಮಾನು ಕೊಂಡ್ರೆ ಕಂಪ್ನಿ ನಿಮಗೆ ಕಮಿಷನ್ ಕೊಡೋದು, ಅಮೆರಿಕದಿಂದ ಬಂತು ಅಂತ ಯಾರಾದ್ರೂ ಹೇಳಿದ್ರೆ ಮೈಸೂರಿನೋರು ಸುಮ್ನೆ ನಕ್ಕುಬಿಡಿ. ಅಮೆಜಾನ್ ಇದನ್ನ ಶುರು ಮಾಡಿದ್ದು 1996ರಲ್ಲಿ ಸರಿ, ನಮ್ಮ ಅರಮನೆ ಮುಂದೆ ಟಾಂಗಾದೋರು ಆಟೋದೋರು ಅದಕ್ಕೂ ಮುಂಚಿಂದ್ಲೇ "ಬನ್ನಿ ಸಾರ್, ಸಿಲ್ಕ್ ಸೀರೆ, ಗಂಧದೆಣ್ಣೆ ಅಂಗ್ಡಿ ತೋರಿಸ್ತೀನಿ, ನೋಡಕ್ಕೇನು ದುಡ್ಡಾ" ಅಂತ ಟೂರಿಸ್ಟ್‌ಗಳನ್ನ ಹತ್ತಿಸ್ಕೊಂಡು ಹೋಗಿ, ಅವ್ರು ಸೀರೆ ಕೊಂಡ್ರೆ ಗಲ್ಲಾದ ಹತ್ರ ನಿಂತು ಕಮಿಷನ್ ಇಸ್ಕೊಂಡು ಬರ್ತಿದ್ರು. ಅಗ್ರಿಮೆಂಟೂ ಇಲ್ಲ, ಲೆಕ್ಕ ತೋರಿಸೋ ಡ್ಯಾಶ್‌ಬೋರ್ಡೂ ಇಲ್ಲ, ಕಣ್ಣಲ್ಲೇ ಲೆಕ್ಕ. (ಟೂರಿಸ್ಟ್ ಜೇಬಿಗೆ ಕತ್ರಿ ಬೀಳ್ತಿದ್ದಿದ್ದು ಬೇರೆ ಕಥೆ, ಬಿಡಿ.)

ಈಗ ಆ ಸೀರೆ ಅಂಗ್ಡಿ ಸಾವ್ಕಾರ್ರು ಆನ್‌ಲೈನ್ ಕಂಪ್ನಿಗಳ ರೂಲ್ಸನ್ನೆಲ್ಲ ಪ್ರಿಂಟ್ ಹಾಕ್ಸಿ ಆಟೋದೋನ ಕೈಗೆ ಕೊಟ್ರು ಅಂದ್ಕೊಳ್ಳಿ.

"ನೋಡಪ್ಪ, ನೀನು ಕರ್ಕೊಂಡು ಬಂದ ಗಿರಾಕಿ 24 ಗಂಟೆ ಒಳ್ಗೆ ತಗೊಂಡ್ರೆ ಕಮಿಷನ್ನು, ಲಾಡ್ಜ್‌ಗೆ ಹೋಗಿ ಯೋಚ್ನೆ ಮಾಡಿ ನಾಳಿದ್ದು ಬಂದ್ರೆ ಇಲ್ಲ. ವಾಪಸ್ ಬರೋವಾಗ ಬೇರೆ ಆಟೋ ಹತ್ಕೊಂಡ್ರೆ ದುಡ್ಡು ಆ ಆಟೋದೋಂಗೆ."

"ಆಗ್ಲಿ ಸಾವ್ಕಾರ್ರೇ."

"ಸೀರೆ ರೇಟು ನೀನಾಗೇ ಬಾಯ್ಬಿಟ್ಟು ಹೇಳಂಗಿಲ್ಲ. ನಾವು ಕೊಡೋ ಮಿಷಿನ್ನು ತೋರಿಸಿದ್ದೇ ರೇಟು."

"ಮಿಷಿನ್ ಕೊಡಿ ಮತ್ತೆ."

"ಮೊದ್ಲು ವ್ಯಾಪಾರ ಕೊಡ್ಸು, ಆಮೇಲೆ ಮಿಷಿನ್ನು. 180 ದಿನದಲ್ಲಿ ಮೂರು ವ್ಯಾಪಾರ ಆಗ್ಲಿಲ್ಲ ಅಂದ್ರೆ ನಿನ್ ಹೆಸ್ರು ಹೊಡ್ದಾಕ್ತೀವಿ. ನಿನ್ ಹೆಂಡ್ತಿಗೆ ತಗೊಂಡ್ರೆ ಅದು ಲೆಕ್ಕಕ್ಕಿಲ್ಲ. ಆಮೇಲೆ, ಬಸ್‌ಸ್ಟ್ಯಾಂಡಲ್ಲಿ ನಮ್ಮಂಗ್ಡಿ ಹೆಸ್ರು ಹಿಡ್ದು ಕೂಗಂಗಿಲ್ಲ."

"ಹೆಸ್ರೇ ಹೇಳ್ದೆ ಹೆಂಗ್ ಕರ್ಕೊಬರ್ಲಿ ಸಿವಾ?"

"ಅದು ನಿನ್ ಕ್ರಿಯೇಟಿವಿಟಿ. ದುಡ್ಡು ತಿಂಗ್ಳು ಮುಗಿದು 60 ದಿನ ಆದ್ಮೇಲೆ."

ಇದ್ರಲ್ಲಿ ನಾನು ಹುಟ್ಟಿಸ್ಕೊಂಡು ಹೇಳಿದ್ದು ಸಾವ್ಕಾರ್ರು ಆಟೋದೋನು ಇಬ್ರನ್ನೇ, ರೂಲ್ಸೆಲ್ಲ ಅಸ್ಲಿ. 24 ಗಂಟೆ, 180 ದಿನ, ಮೂರು ಸೇಲು ಇವೆಲ್ಲ ಅಮೆಜಾನ್‌ದು, ಮಿಷಿನ್ ಅಂದಿದ್ದು ರೇಟು ತಂದುಕೊಡೋ ಅವ್ರ ಸಾಫ್ಟ್‌ವೇರು, ಸರ್ಚ್‌ನಲ್ಲಿ ಬ್ರ್ಯಾಂಡ್ ಹೆಸ್ರ ಮೇಲೆ ಆಡ್ ಕೊಡಂಗಿಲ್ಲ ಅನ್ನೋದು ಸುಮಾರು ಪ್ರೋಗ್ರಾಂಗಳಲ್ಲಿದೆ. "ಈ ಲಿಂಕಿಂದ ನಂಗೆ ದುಡ್ಡು ಬರುತ್ತೆ" ಅಂತ ಓದೋರಿಗೆ ಹೇಳ್ಬೇಕು ಅನ್ನೋದೂ ಒಂದಿದೆ, ಅದೊಂದು ನ್ಯಾಯವಾಗಿದೆ, ಅದಕ್ಕೆ ನನ್ ತಕರಾರಿಲ್ಲ. ತಕರಾರಿರೋದು ಕಟ್ಟುಪಾಡೆಲ್ಲ ಒಬ್ಬನ ಕೊರಳಿಗೇ ಬೀಳೋದಕ್ಕೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಲ್ಲಿ ಜನ ಆನ್‌ಲೈನ್‌ನಲ್ಲೇ ಎಲ್ಲ ತರಿಸ್ಕೊಳ್ತಿದ್ದಾಗ, ಅಮೆರಿಕದಲ್ಲಿ ಅಮೆಜಾನು ಫರ್ನಿಚರ್ ಕಮಿಷನ್ನು 8 ಪರ್ಸೆಂಟಿಂದ 3ಕ್ಕೆ, ದಿನಸಿದು 5ರಿಂದ 1ಕ್ಕೆ ಇಳಿಸ್ತು. ನೋಟೀಸು ಕೊಟ್ಟಿದ್ದು ಒಂದು ವಾರ. ವೆಬ್‌ಸೈಟಿನೋನು ರೂಲ್ ಮುರಿದ್ರೆ ಅಕೌಂಟ್ ಕ್ಲೋಸು, ಕಂಪ್ನಿ ರೂಲ್ ಬದ್ಲಾಯಿಸಿದ್ರೆ ಅದು "ಪಾಲಿಸಿ ಅಪ್ಡೇಟು".

ಇಷ್ಟು ಬಿಗಿ ಮಾಡಿದ್ದು ಕಳ್ಳರನ್ನ ಹಿಡಿಯಕ್ಕೆ ಅಂತಾರೆ. ಆನ್‌ಲೈನ್ ಮಾರಾಟದ ಈಬೇ ಕಂಪ್ನಿಗೆ ನಂಬರ್ ಒನ್ ಅಫಿಲಿಯೇಟ್ ಆಗಿದ್ದೋನು, ಯಾರೂ ಕ್ಲಿಕ್ಕೇ ಮಾಡ್ದಿದ್ರೂ ಜನರ ಕಂಪ್ಯೂಟರ್‌ಗೆ ಕುಕಿ (ಗಿರಾಕಿ ಯಾರ ಲಿಂಕಿಂದ ಬಂದ ಅಂತ ಗುರುತಿಡೋ ಚಿಕ್ಕ ಫೈಲು) ತುರುಕಿ ಕಮಿಷನ್ ಎಣಿಸ್ಕೊಳ್ತಿದ್ದ, 2014ರಲ್ಲಿ ಐದು ತಿಂಗಳ ಜೈಲು ಆಯ್ತು. ಅಂಥೋನು ನಿಮ್ಮ ಹತ್ತಿಪ್ಪತ್ತು ಪೇಜ್ ಅಗ್ರಿಮೆಂಟ್ ಓದಿ ಹೆದರ್ತಾನಾ? ಓದಿ ಹೆದರೋದು ಮಂಡ್ಯದಲ್ಲಿ ಕೂತ್ಕೊಂಡು ಮಿಕ್ಸಿ, ನೀರಿನ ಮೋಟ್ರು ಬಗ್ಗೆ ನೆಟ್ಟಗೆ ಬಳಸಿ ನೋಡಿ ಬರೆಯೋ ಹುಡ್ಗ, ಅವ್ನು ಈ ಗೋಜೇ ಬೇಡ ಅಂತ ಲಿಂಕ್ ಕಿತ್ತಾಕ್ತಾನೆ. ಉಳಿಯೋದು ಯಾರು, "ಕೂಪನ್ ನೋಡಲು ಇಲ್ಲಿ ಒತ್ತಿ" ಅಂತ ಒತ್ತಿಸ್ಕೊಂಡು, ಆ ಒತ್ತಿದ್ದಕ್ಕೇ ಕಮಿಷನ್ ಹೊಡ್ಕೊಂಡು, ಕೂಪನ್ನೇ ಕೊಡದ ಸೈಟುಗಳು.

ಆಮೇಲೆ ದಸರಾ ಹತ್ರ ಬಂದಾಗ ಅದೇ ಹುಡ್ಗಂಗೆ ಬೆಂಗಳೂರಿಂದ ಕಂಪ್ನಿ ಪಾರ್ಟ್ನರ್ ಮ್ಯಾನೇಜರ್ ಫೋನು. "ಯಾಕ್ ಸಾರ್ ಪ್ರಮೋಟೇ ಮಾಡ್ತಿಲ್ಲ, ಒಳ್ಳೆ ಆಫರ್ ಬಿಟ್ಟಿದೀವಿ?"

"ಮಾಡಾಣ ಮೇಡಂ, ಬ್ಯಾನರಲ್ಲಿ ದಸರಾ ಅಂತ ಕನ್ನಡದಲ್ಲಿ ಬರ್ಕೊಳ್ಲಾ?"

"ಕ್ರಿಯೇಟಿವ್ ಚೇಂಜ್ ಮಾಡಂಗಿಲ್ಲ ಸಾರ್, ಟಿಕೆಟ್ ರೈಸ್ ಮಾಡಿ, ಟೀಮಿನೋರು ಹದಿನೈದು ವರ್ಕಿಂಗ್ ಡೇಸಲ್ಲಿ ರಿಪ್ಲೈ ಮಾಡ್ತಾರೆ."

"ಅಷ್ಟ್ರಲ್ಲಿ ಆನೆಗಳೇ ವಾಪಸ್ ಕಾಡಿಗೆ ಹೋಗಿರ್ತವೆ ಮೇಡಂ."