ಹಾರದ ಗುಂಡಿಗೆ ಹನ್ನೆರಡು ಅರ್ಜಿ

ಮಿಕ್ಸರ್ ಕೆಟ್ಟರೆ ಅದನ್ನು ಸೂಪರ್ ಮಾರ್ಕೆಟ್ಟಿನ ಅಂಗಡಿಗೆ ಒಯ್ದು, ಕೌಂಟರಿನ ಮೇಲೆ ಕುಕ್ಕಿ, ಎಲ್ಲರಿಗೂ ಕೇಳುವಂತೆ ಗದರಿಸಬಹುದು. ಹತ್ತು ಗಿರಾಕಿಗಳ ಮುಂದೆ ಮರ್ಯಾದೆ ಹೋದೀತೆಂದು ಅಂಗಡಿಯವನು ಚಹಾ ತರಿಸಿಯಾದರೂ ಸಮಾಧಾನ ಮಾಡುತ್ತಾನೆ. ಹೊಸ ರಿವಾಲ್ವರ್ ಕೆಟ್ಟರೆ ಈ ಸುಖವಿಲ್ಲ. ಅದನ್ನು ಕೌಂಟರಿನ ಮೇಲಿಟ್ಟು ಗದರಿಸಿದವನನ್ನು ಈ ದೇಶದ ಕಾನೂನು ಗ್ರಾಹಕನೆಂದು ಕರೆಯುವುದಿಲ್ಲ.

ಅಫಜಲಪುರ ತಾಲ್ಲೂಕಿನ ಸಾಹುಕಾರರೊಬ್ಬರು ಈಗ ಈ ಸಂಕಟದಲ್ಲಿದ್ದಾರೆ. ಅವರ ಹೆಸರು ಬೇಡ. ಅವರ ರಿವಾಲ್ವರ್ ಹಾರುವುದಿಲ್ಲ ಎಂದು ಊರಿಗೆ ಗೊತ್ತಾದರೆ ಅದು ಈಗ ಕೆಟ್ಟಿರುವುದಕ್ಕಿಂತ ಹೆಚ್ಚು ಕೆಡುತ್ತದೆ. ಕಾರ್ಖಾನೆಯ ಹೆಸರೂ ಬೇಡ. ಉತ್ತರದ ಕಡೆಯದು ಎಂದರೆ ಸಾಕು. ಸಾಹುಕಾರರಿಗೆ ತೊಗರಿ ಹೊಲವಿದೆ, ಭೀಮೆಯ ನೀರು ಹತ್ತುವ ಕಡೆ ಕಬ್ಬಿದೆ, ದಾಯಾದಿಗಳಿದ್ದಾರೆ. ಪರವಾನಗಿ ಬೇಕೆಂದರೆ ಜೀವಭಯವಿದೆ ಎಂದು ತೋರಿಸಬೇಕು. ಅದಕ್ಕೇನೂ ಕಷ್ಟವಾಗಲಿಲ್ಲ. ನಮ್ಮ ಕಡೆ ಜೀವಭಯವಿಲ್ಲದವನನ್ನು ಸಾಹುಕಾರನೆಂದು ಯಾರು ಒಪ್ಪುತ್ತಾರೆ? ಪೊಲೀಸ್ ವರದಿ ಬಂತು, ತರಬೇತಿಯ ಪ್ರಮಾಣಪತ್ರ ಬಂತು, ಕೊನೆಗೆ ಪುಸ್ತಕದಲ್ಲಿ ಮೊಹರೂ ಬಿತ್ತು.

ಬೆಲೆಯ ವಿಚಾರಕ್ಕೆ ಬಂದರೆ, ಈ ವಸ್ತು ಯಾವ ಕಾಲಕ್ಕೂ ಅಗ್ಗವಲ್ಲ. 2014ರಲ್ಲಿ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ ಮಹಿಳೆಯರ ರಕ್ಷಣೆಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಬಿಟ್ಟಾಗ ಅದರ ಬೆಲೆ 1,22,360 ರೂಪಾಯಿ. ಅಷ್ಟು ದುಡ್ಡು ಕೈಯಲ್ಲಿರುವ ಮಹಿಳೆಗೆ ನಿರ್ಭೀತಿ ಅದಾಗಲೇ ಅರ್ಧ ಬಂದಿರುತ್ತದೆ ಎಂಬುದು ಬೇರೆ ಮಾತು. ಸಾಹುಕಾರರು ಕೊಂಡದ್ದು ಬೇರೆಯವರು ತಯಾರಿಸಿದ .32 ಬೋರಿನ ರಿವಾಲ್ವರ್. ಅದರ ಮೇಲೆ ಆಗ ಶೇ 28ರ ಜಿಎಸ್‌ಟಿ. 2025ರ ಸೆಪ್ಟೆಂಬರಿನಿಂದ ಅದು ಶೇ 40. ಸೋಡಾ ತುಂಬಿದ ತಂಪು ಪಾನೀಯ ಕುಳಿತ ಸಾಲಿನಲ್ಲೇ ರಿವಾಲ್ವರನ್ನೂ ಕೂರಿಸಿದ್ದಾರೆ. ತಂಪು ಪಾನೀಯ ಮುಚ್ಚಳ ತೆಗೆದರೆ ಸದ್ದಾದರೂ ಮಾಡುತ್ತದೆ.

ಈ ಸೀಮೆಯಲ್ಲಿ ಪರವಾನಗಿಯ ರಿವಾಲ್ವರಿನ ಕೆಲಸ ಗುಂಡು ಹಾರಿಸುವುದಲ್ಲ. ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಜುಬ್ಬಾದ ಅಂಚು ತಾನಾಗಿಯೇ ಸರಿಯಿತೆಂಬಂತೆ ಸರಿಯಬೇಕು, ಎದುರು ಸಾಲಿನವನ ಕೈಯಲ್ಲಿನ ಹೋಳಿಗೆ ಬಾಯಿಯ ಹತ್ತಿರ ಅರೆಗಳಿಗೆ ನಿಲ್ಲಬೇಕು. ಆ ಅರೆಗಳಿಗೆಗಾಗಿಯೇ ಅಷ್ಟೂ ದುಡ್ಡು. ಹೀಗೆ ನೋಡಿದರೆ ಸಾಹುಕಾರರ ರಿವಾಲ್ವರಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಹುಟ್ಟಿದ್ದು ಅದನ್ನು ಹಾರಿಸಿ ನೋಡುವ ಆಸೆಯಿಂದ.

ಅದು ಮನೆಗೆ ಬಂದದ್ದು 2023ರ ದಸರಾಕ್ಕೆ. ಖಂಡೆ ಪೂಜೆಯ ದಿನ ಟ್ರ್ಯಾಕ್ಟರು, ಕೂರಿಗೆ, ಪಂಪ್‌ಸೆಟ್ಟಿನ ಸ್ಟಾರ್ಟರುಗಳ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕಿತು. ಕುಂಕುಮ, ಚೆಂಡುಹೂವು, ಕಾಯಿಯ ನೀರು ಎಲ್ಲವೂ ಬಿದ್ದವು. ಮರುದಿನ ಬನ್ನಿ ಹಂಚುವುದು ಮುಗಿದ ಮೇಲೆ ಸಾಹುಕಾರರು ಆಳನ್ನು ಕರೆದುಕೊಂಡು ತೊಗರಿ ಹೊಲದ ಆಚೆಯ ಒಡ್ಡಿಗೆ ಹೋದರು. ಒಡ್ಡಿಗೆ ಗುರಿಯಿಟ್ಟು ಟ್ರಿಗರ್ ಎಳೆದರು. ಟಿಕ್. ಮತ್ತೆ ಎಳೆದರು. ಟಿಕ್. ಸಿಲಿಂಡರ್ ಒಂದು ಸುತ್ತು ಪೂರ್ತಿ ತಿರುಗಿತು, ಆರೂ ಸಲ ಅದೇ ಸದ್ದು. ಹಿಂದೆ ಕಿವಿ ಮುಚ್ಚಿ, ಕಣ್ಣನ್ನೂ ಮುಚ್ಚಿ ನಿಂತಿದ್ದ ಆಳು ಬಹಳ ಹೊತ್ತಿನ ಮೇಲೆ ಒಂದು ಕೈ ತೆಗೆದು ಕೇಳಿದ: “ಆಯಿತೇನು ಧಣಿ?”

ತೋಟಾಗಳನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದು ನೋಡಿದರೆ, ಪ್ರತಿಯೊಂದರ ತಳದಲ್ಲೂ ಸಾಸಿವೆಯನ್ನು ಒತ್ತಿ ತೆಗೆದಷ್ಟು ಸಣ್ಣ ಗುಳಿ. ರಿವಾಲ್ವರಿನ ಒಳಗಿನ ಸುತ್ತಿಗೆ ಬಡಿದಿದೆ, ಆದರೆ ಕಿಡಿ ಹುಟ್ಟುವಷ್ಟು ಬಲವಾಗಿ ಬಡಿದಿಲ್ಲ. ನಮ್ಮಲ್ಲಿ ಅನೇಕ ಸರ್ಕಾರಿ ಯೋಜನೆಗಳು ಬಡಿಯುವುದೂ ಹೀಗೆಯೇ, ಇರಲಿ. ಆ ಆರು ತೋಟಾಗಳ ಪಾಡು ರಿವಾಲ್ವರಿನದಕ್ಕಿಂತ ಕಷ್ಟ. ಖರ್ಚಾದವು ಎಂದು ಬರೆಯಲು ಖಾಲಿ ಕವಚವಿಲ್ಲ. ಉಳಿದಿವೆ ಎಂದು ಬರೆಯಲು ಅವು ಹಾರುವುದಿಲ್ಲ. ಎಸೆದರೆ ನಾಳೆ ಪತ್ರಿಕೆಯಲ್ಲಿ ‘ಆರು ಸಜೀವ ಗುಂಡು ಪತ್ತೆ’ ಎಂದು ಬರುತ್ತದೆ. ಸತ್ತವನ್ನು ಸಜೀವ ಎಂದು ಸಾರುವ ಶಕ್ತಿ ಪೊಲೀಸ್ ಪ್ರಕಟಣೆಗಿದೆ.

ರಿವಾಲ್ವರನ್ನು ಮಾರಿದ ವ್ಯಾಪಾರಿ ಅದನ್ನು ದೀಪಕ್ಕೆ ಹಿಡಿದು ನೋಡಿ, ತೋಟಾದ ದೋಷವೆಂದ. ತೋಟಾದವರನ್ನು ಕೇಳಿದರೆ ಅವರು ರಿವಾಲ್ವರಿನ ದೋಷವೆಂದರು. ವ್ಯಾಪಾರಿ ಮತ್ತೊಮ್ಮೆ ದೀಪಕ್ಕೆ ಹಿಡಿದು, ಒಳಗೆ ಕೆಂಪು ಪುಡಿ ಕಾಣುತ್ತಿದೆ, ಕುಂಕುಮಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದ. ಬಿಚ್ಚಿ ಒರೆಸಿಯಾದರೂ ಕೊಡಪ್ಪಾ ಎಂದರೆ ಕೈಮುಗಿದ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಆಯುಧವನ್ನು ಮಾರುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರೀಕ್ಷಿಸುವುದಕ್ಕೂ ಪರವಾನಗಿ ಬೇಕು; ಅವನ ಬಳಿ ಇದ್ದದ್ದು ಮಾರುವ ಪರವಾನಗಿ.

ಕಾರ್ಖಾನೆಗೆ ಬರೆದ ಕಾಗದಕ್ಕೆ ಹಿಂದಿಯಲ್ಲಿ ಉತ್ತರ ಬಂತು. ಅದನ್ನು ಓದಿಸಲು ಹೈಸ್ಕೂಲಿನ ಹಿಂದಿ ಮಾಸ್ತರರನ್ನು ಕರೆಸಬೇಕಾಯಿತು. ಗುಟ್ಟು ಬಲ್ಲವರ ಸಂಖ್ಯೆ ಒಂದು ಹೆಚ್ಚಿತು. ಕಾರ್ಖಾನೆ ಕೇಳಿದ್ದು ಬಿಲ್ಲು, ಪರವಾನಗಿಯ ಪ್ರತಿ, ಅದರ ಮೇಲಿನ ವಿಶಿಷ್ಟ ಗುರುತಿನ ಸಂಖ್ಯೆ. ಅದರ ಜೊತೆಗೆ ಒಂದು ಹೇಳಿಕೆ: ದೋಷವು ಯಾವ ಸಂದರ್ಭದಲ್ಲಿ ಗಮನಕ್ಕೆ ಬಂತು?

ಇಲ್ಲಿ ಸಾಹುಕಾರರ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನಂತ ಬರೆಯೋಣ ಸಾಹುಕಾರರೇ? ಮದುವೆಯಲ್ಲಿ ಹಾರಿಸಲು ಹೋದೆ ಎಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸಂಭ್ರಮದ ಗುಂಡಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ತೊಗರಿಗೆ ಬಿದ್ದ ಕಾಡುಹಂದಿಗೆ ಗುರಿಯಿಟ್ಟೆ ಎಂದರೆ 1972ರ ವನ್ಯಜೀವಿ ಕಾಯ್ದೆ ಇದೆ. ಮನುಷ್ಯನಿಗೆ ಎಂದರೆ ನಾನು ನಿಮ್ಮಿಂದ ಬೇರೆ ಫೀಸು ತೆಗೆದುಕೊಳ್ಳಬೇಕಾಗುತ್ತದೆ.” ಒಡ್ಡಿಗೆ ಎಂದು ಬರೆಯಿರಿ ಎಂದರು ಸಾಹುಕಾರರು. “ಒಡ್ಡಿನಿಂದ ನಿಮಗೆ ಜೀವಭಯವಿತ್ತೇ?” ಎಂದರು ವಕೀಲರು.

ಹಾರುವುದಿಲ್ಲ ಎಂದು ದೂರಬೇಕಾದರೆ ಹಾರಿಸಿದ್ದನ್ನು ಒಪ್ಪಬೇಕು. ಒಪ್ಪದಿದ್ದರೆ ಅದು ಹಾರುವುದಿಲ್ಲ ಎಂಬುದು ಇವರಿಗೆ ಹೇಗೆ ಗೊತ್ತಾಯಿತು? ಕೊನೆಗೆ ‘ಸ್ವಚ್ಛಗೊಳಿಸುವಾಗ ಸಂಶಯ ಬಂದಿತು’ ಎಂದು ಬರೆದರು. ಸಂಶಯಕ್ಕೆ ವಾರಂಟಿ ಇಲ್ಲವೆಂದು ಮರುಟಪಾಲಿನಲ್ಲಿ ಬಂತು. ಆಯುಧವನ್ನೇ ಕಳುಹಿಸಿ, ನೋಡುತ್ತೇವೆ ಎಂದೂ ಬರೆದಿದ್ದರು.

ಕಳುಹಿಸುವುದು ಹೇಗೆ? ಕೊರಿಯರ್ ಅಂಗಡಿಯ ಹುಡುಗ ‘ಒಳಗೇನಿದೆ?’ ಎಂದು ಕೇಳಿದ; ಸತ್ಯ ಹೇಳಿದೊಡನೆ ಶಟರ್ ಇಳಿಸಿದ. ಸಾಹುಕಾರರ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಅವನು ಫೋನಿನಲ್ಲಿ, “ಕಾಕಾ, ಇಲ್ಲಿ ಕಂಪನಿಯೇ ವಿಳಾಸದ ಚೀಟಿ ಕಳುಹಿಸುತ್ತದೆ, ಡಬ್ಬಿಗೆ ಅಂಟಿಸಿ ಕೊಟ್ಟರೆ ಆಯಿತು, ರಿಪೇರಿಯಾಗಿ ನೇರ ಮನೆ ಬಾಗಿಲಿಗೆ ಬರುತ್ತದೆ” ಎಂದ. ಅಲ್ಲಿಯೂ ಎಲ್ಲ ಸರಳವೇನಲ್ಲ. ಸೊಂಟಕ್ಕೆ ಸಿಗಿಸುವಂಥ ಬಂದೂಕನ್ನು ಜನಸಾಮಾನ್ಯರು ಸರ್ಕಾರಿ ಅಂಚೆಯಲ್ಲಿ ಹಾಕಬಾರದೆಂದು 1927ರಲ್ಲೇ ಕಾನೂನು ಬಂದಿದೆ, ಖಾಸಗಿಯವರು ಒಯ್ಯಬಹುದು. ಬ್ರೆಡ್ಡು ಸುಡುವ ಟೋಸ್ಟರ್ ಕೆಟ್ಟರೆ ವಾಪಸು ತರಿಸುವ ಗ್ರಾಹಕ ಸುರಕ್ಷಾ ಆಯೋಗ ಆ ದೇಶದಲ್ಲಿದೆ, ಆದರೆ 1972ರ ಅದರ ಕಾಯ್ದೆ ಬಂದೂಕನ್ನು ಅದರ ಕೈಯಿಂದ ಹೊರಗಿಟ್ಟಿದೆ. ಟೋಸ್ಟರಿನಿಂದ ಜನರ ಪ್ರಾಣ ಉಳಿಯಲಿ ಎಂಬುದು ಅವರ ಕಾಳಜಿ.

ನಮ್ಮ ಶಸ್ತ್ರಾಸ್ತ್ರ ಕಾಯ್ದೆಯೂ ಕರುಣೆಯಿಲ್ಲದ್ದಲ್ಲ. ಮಾಲೀಕನ ಲಿಖಿತ ಒಪ್ಪಿಗೆ ಇದ್ದರೆ ಪರವಾನಗಿ ಇಲ್ಲದವನೂ ಆಯುಧವನ್ನು ರಿಪೇರಿಗೆ ಒಯ್ಯಬಹುದೆಂದು 3ನೇ ಕಲಮು ಹೇಳುತ್ತದೆ. ಅಂದರೆ ಒಡ್ಡಿನ ಬಳಿ ಕಿವಿ ಮುಚ್ಚಿಕೊಂಡಿದ್ದ ಆಳು ಒಂದು ಚೀಟಿ ಹಿಡಿದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಬಹುದಿತ್ತು. ತೊಡಕು ಬಂದದ್ದು ಪರವಾನಗಿಯ ವ್ಯಾಪ್ತಿಯಲ್ಲಿ; ಅದರಲ್ಲಿ ಕರ್ನಾಟಕ ರಾಜ್ಯ ಎಂದಷ್ಟೇ ಬರೆದಿದೆ. ಗಾಣಗಾಪುರ ರೋಡ್ ನಿಲ್ದಾಣದವರೆಗೆ ಅದು ಸಭ್ಯ ನಾಗರಿಕನ ಆತ್ಮರಕ್ಷಣೆಯ ಸಾಧನ. ದುಧನಿ ಬಂತೆಂದರೆ ಮಹಾರಾಷ್ಟ್ರ. ಅಲ್ಲಿ ಅದೇ ವಸ್ತು, ಅದೇ ಚೀಲ, ಅದೇ ಸೀಟಿನ ಕೆಳಗೆ ಅಕ್ರಮ ಶಸ್ತ್ರಾಸ್ತ್ರ. ಗಾಣಗಾಪುರದಲ್ಲಿ ದತ್ತಾತ್ರೇಯನ ಸನ್ನಿಧಿಗೆ ದೆವ್ವ ಬಿಡಿಸಿಕೊಳ್ಳಲು ಜನ ಬರುತ್ತಾರೆ. ರಿವಾಲ್ವರಿಗೆ ಅದೇ ಊರಿನ ನಿಲ್ದಾಣ ದಾಟಿದ ಮೇಲೆ ದೆವ್ವ ಹಿಡಿಯುತ್ತದೆ. ವ್ಯಾಪ್ತಿ ವಿಸ್ತರಿಸಿಕೊಡಿ ಎಂದು ಅರ್ಜಿ ಕೊಟ್ಟರೆ, ಕಾರಣ ಬರೆಯಿರಿ ಎಂದರು. ಕಾರಣ ಬರೆದರೆ ಆ ಕಡತ ಮುಟ್ಟಿದವರಿಗೆಲ್ಲ ಗುಟ್ಟು ತಿಳಿಯುತ್ತದೆ. ಕಡತವನ್ನು ಮುಟ್ಟುವವರಲ್ಲಿ ದಾಯಾದಿಯ ಅಳಿಯನೂ ಒಬ್ಬ.

ಇಷ್ಟರಲ್ಲಿ ಭೀಮಾ ತೀರದ ಇನ್ನೊಂದು ಉದ್ಯಮವನ್ನು ನೆನೆಯದಿದ್ದರೆ ಅನ್ಯಾಯವಾಗುತ್ತದೆ. ಕಂಟ್ರಿ ಪಿಸ್ತೂಲು ವಶ ಎಂಬ ಸುದ್ದಿ ಈ ಭಾಗದ ಓದುಗರಿಗೆ ತೊಗರಿಯ ದರದಷ್ಟೇ ಪರಿಚಿತ. ಅದಕ್ಕೆ ಬಿಲ್ಲಿಲ್ಲ, ಸಂಖ್ಯೆಯಿಲ್ಲ, ವ್ಯಾಪ್ತಿಯಿಲ್ಲ, ಶೇ 40 ಇಲ್ಲ. ವಾರಂಟಿ ಚೀಟಿಯೂ ಇಲ್ಲ. ಆದರೆ ದೋಷವಿದ್ದರೆ ಗಿರಾಕಿ ಯಾವ ಮುಖ ಹೊತ್ತು ವಾಪಸು ಬರುತ್ತಾನೆಂಬುದು ಮಾಡಿದವನಿಗೆ ಗೊತ್ತಿರುತ್ತದೆ. ಹಾಗಾಗಿ ಗುಣಮಟ್ಟದ ಬಗ್ಗೆ ಅವನಿಗೊಂದು ಕಾಳಜಿ. ಕಾನೂನಿನ ಅಷ್ಟೂ ಪುಟಗಳು ಕಾಯುತ್ತಿರುವುದು ಯಾರನ್ನು ಯಾರಿಂದ ಎಂಬ ಪ್ರಶ್ನೆ ಸಾಹುಕಾರರಿಗೆ ಆಗಾಗ ಬರುತ್ತದೆಯಂತೆ. ಕಲಬುರಗಿಯ ಕೋಟೆಯಲ್ಲಿ 29 ಅಡಿ ಉದ್ದವೆಂದು ಹೇಳುವ ತೋಪು ಬಯಲಿನಲ್ಲೇ ಇದೆ, ಮಕ್ಕಳು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಹಾರುತ್ತದೆಯೇ ಎಂದು ಯಾರೂ ಕೇಳಿಲ್ಲ.

2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು. ಪರವಾನಗಿದಾರರು ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಶಾಂತಿಯುತ ಮತದಾನಕ್ಕೆ ಭಂಗ ಬರಬಾರದು. ಪ್ರಜಾಪ್ರಭುತ್ವಕ್ಕೆ ಕಿಂಚಿತ್ತೂ ಅಪಾಯ ಒಡ್ಡಲಾರದ ಆಯುಧ ಇಡೀ ಜಿಲ್ಲೆಯಲ್ಲಿ ಯಾವುದಾದರೂ ಇದ್ದರೆ ಅದು ಸಾಹುಕಾರರದ್ದು. ಆದರೂ ಅದನ್ನು ಒಯ್ದು ಸಾಲಿನಲ್ಲಿ ನಿಂತರು. ಹಿಂದೆ ಮುಂದೆ ನಿಂತವರೆಲ್ಲ ನಾಲ್ಕು ಊರಿನ ಬಂದೂಕಿನವರು, ಅಂದರೆ ಯಾರ ಮುಂದೆ ಈ ಗುಟ್ಟು ಬಿಚ್ಚಬಾರದೋ ಅವರೇ. ಮುಂಗೈಯಲ್ಲಿ ಬೆವರು ಒರೆಸುತ್ತ ಪೇದೆ ನಾಡಿನ ಎಲ್ಲ ಆಯುಧಗಳಿಗೂ ಬರೆಯುವ ವಾಕ್ಯವನ್ನೇ ಇದಕ್ಕೂ ಬರೆದ: ‘.32 ರಿವಾಲ್ವರ್ ಒಂದು, ಸುಸ್ಥಿತಿಯಲ್ಲಿ.’ “ಸರಿಯಿದೆ ಅಲ್ಲವೇ ಸಾಹುಕಾರರೇ?” ಎಂದು ತಲೆಯೆತ್ತದೆ ಕೇಳಿದ. ಹಿಂದಿನವರು ಕೇಳಿಸಿಕೊಳ್ಳುತ್ತಿದ್ದರು. ಸಾಹುಕಾರರು ಮೀಸೆಯ ಮೇಲೆ ಕೈಯಾಡಿಸಿ, “ನಮ್ಮದು ಯಾವತ್ತು ಸರಿಯಿಲ್ಲದೆ ಇತ್ತು?” ಎಂದು ಸಹಿ ಹಾಕಿದರು.

ಮೇ 7ಕ್ಕೆ ಕಲಬುರಗಿಯಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ. ಆಮೇಲೆ ಆಯುಧ ವಾಪಸು ಬಂತು, ‘ಕೊಟ್ಟ ಸ್ಥಿತಿಯಲ್ಲಿಯೇ ಪಡೆದಿದ್ದೇನೆ’ ಎಂಬ ಇನ್ನೊಂದು ಸಹಿಯೊಂದಿಗೆ. ರಿವಾಲ್ವರ್ ಠಾಣೆಯ ಕಪಾಟಿನಲ್ಲಿ ಮಲಗಿದ್ದಾಗಲೂ ವಾರಂಟಿ ಮಾತ್ರ ಎಚ್ಚರವಾಗಿದ್ದು ತನ್ನ ದಿನಗಳನ್ನು ಎಣಿಸಿಕೊಂಡಿತ್ತು. ದಸರಾ ಮತ್ತೆ ಬಂತು, ವಾರಂಟಿ ಮುಗಿಯಿತು.

ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂದು ಕೇಳಿದಾಗ ವಕೀಲರು ಹುರುಪಿನಿಂದಲೇ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ದೋಷ ಕಣ್ಣಿಗೆ ಕಾಣದಿದ್ದರೆ ವಸ್ತುವಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಯಾವ ಪ್ರಯೋಗಾಲಯ ಎಂದಾಗ ಹುರುಪು ತಗ್ಗಿತು. ಬಂದೂಕು ಬಲ್ಲವರು ಇರುವುದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಅಲ್ಲಿಗೆ ಹೋಗುವುದು ಹಾರಿದ ಬಂದೂಕು, ಹಾರಿದ್ದು ಯಾರ ಮೇಲೆ ಎಂಬ ವಿವರದ ಸಮೇತ. ಹಾರದೆ ಸುಮ್ಮನಿದ್ದ ಬಂದೂಕಿನ ತನಿಖೆಗೆ ಅರ್ಜಿಯ ನಮೂನೆಯೇ ಇಲ್ಲ. ಇದ್ದರೂ ಎದುರು ಪಕ್ಷದವರು ಠಾಣೆಯ ‘ಸುಸ್ಥಿತಿಯಲ್ಲಿ’ ಚೀಟಿಯನ್ನು ಹಾಜರುಪಡಿಸಿದರೆ ಅಲ್ಲಿಗೆ ಮುಗಿಯಿತು; ಕೆಳಗೆ ಸಾಹುಕಾರರ ಸಹಿ ದಪ್ಪ ಅಕ್ಷರದಲ್ಲಿದೆ.

ಮಾರೋಣವೆಂದರೆ ಕೊಳ್ಳುವವನು ಪರವಾನಗಿದಾರನೇ ಆಗಿರಬೇಕು. ಅವನೂ ಹಾರಿಸಿ ನೋಡುತ್ತಾನೆ. ಕೈದೊಣ್ಣೆ ಹಿಡಿಯೋಣವೆಂದರೆ, ಲಾಠಿ ಮತ್ತು ಸಾಧಾರಣ ಕೈಕೋಲು ಆಯುಧವಲ್ಲವೆಂದು ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಆಯುಧವಲ್ಲದ್ದನ್ನು ಹಿಡಿದು ಮದುವೆಗೆ ಹೋಗಲು ಸಾಹುಕಾರರ ಮನಸ್ಸು ಒಪ್ಪಲಿಲ್ಲ.

2019ರ ತಿದ್ದುಪಡಿ ಒಬ್ಬನ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಎರಡು ಎಂದರೆ ಇನ್ನೊಂದಕ್ಕೆ ಜಾಗವಿದೆ. ಸಾಹುಕಾರರು ಎರಡನೆಯದಕ್ಕೆ ಅರ್ಜಿ ಹಾಕಿದ್ದಾರೆ. ಮೊದಲನೆಯದು ಸುಸ್ಥಿತಿಯಲ್ಲಿ ಇರುವಾಗ ಎರಡನೆಯದು ಏಕೆ ಎಂಬ ಕಾಲಂ ಎದುರು ವಕೀಲರು ಬಹಳ ಯೋಚಿಸಿ ಬರೆದ ಕಾರಣ ಹೀಗಿದೆ: ‘ಅರ್ಜಿದಾರರ ಮನೆಯಲ್ಲಿ ಬೆಲೆಬಾಳುವ ರಿವಾಲ್ವರ್ ಒಂದು ಇದ್ದು, ಸದರಿ ರಿವಾಲ್ವರಿಗೆ ಕಳ್ಳಕಾಕರಿಂದ ಭಯವಿರುತ್ತದೆ.’ ಪೊಲೀಸ್ ವರದಿ ಅನುಕೂಲಕರವಾಗಿ ಬಂದಿದೆಯೆಂದು ಕೇಳಿದೆ.