ಲಿಂಕ್ ಹಾಕುವವರ ಕಮಿಷನ್ ಎಷ್ಟು ಅಂತ ಕೇಳಿ

ಮಿಕ್ಸಿ, ಕುಕ್ಕರ್, ಗ್ರೈಂಡರ್ ಬಗ್ಗೆ ಬರೆದು ಕೆಳಗೆ ಲಿಂಕ್ ಹಾಕುವವಳು ನಾನು. ಆ ಲಿಂಕಿಂದ ಹೋಗಿ ಯಾರಾದರೂ ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ, ಇದಕ್ಕೇ ಅಫಿಲಿಯೇಟ್ ಮಾರ್ಕೆಟಿಂಗ್ ಅನ್ನುವುದು. ಹಾಗಾಗಿ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಕ್ಕಾ, ಅಫಿಲಿಯೇಟ್ ಮಾರ್ಕೆಟಿಂಗಲ್ಲಿ ನಿಜವಾಗ್ಲೂ ದುಡ್ಡು ಬರುತ್ತಾ?" ಬರುತ್ತದೆ. ನನಗೆ ಮನೆಯ ಕರೆಂಟ್ ಬಿಲ್, ನೆಟ್ ಬಿಲ್ ಕಟ್ಟಿ ಸ್ವಲ್ಪ ಉಳಿಯುವಷ್ಟು ಬರುತ್ತದೆ. ಹಬ್ಬದ ಸೇಲ್ ಇದ್ದ ತಿಂಗಳು ಇನ್ನೊಂಚೂರು ಜಾಸ್ತಿ. ಇದನ್ನೇ ನಂಬಿ ಕೆಲಸ ಬಿಡುವಷ್ಟಂತೂ ಇಲ್ಲ.

ಆದರೆ ನಾನಾಗಿದ್ದರೆ ಬೇರೆ ಪ್ರಶ್ನೆ ಕೇಳುತ್ತಿದ್ದೆ. ಯಾವುದಕ್ಕೆ ಎಷ್ಟು ಕಮಿಷನ್? ಅದು ಗೊತ್ತಾದರೆ, ಯಾರು ಯಾವುದನ್ನು ಯಾಕೆ ಅಷ್ಟೊಂದು ಹೊಗಳುತ್ತಿದ್ದಾರೆ ಅನ್ನುವುದು ಅರ್ಧ ಗೊತ್ತಾದ ಹಾಗೆ.

ಅಮೆಜಾನ್ ಈ ಪದ್ಧತಿಯನ್ನು ಅಮೆರಿಕದಲ್ಲಿ 1996ರಲ್ಲೇ ಶುರು ಮಾಡಿತು. ನಮ್ಮ ದೇಶಕ್ಕೆ ಅದು ಅಂಗಡಿ ತಂದಿದ್ದು 2013ರಲ್ಲಿ. ಲೆಕ್ಕ ಸರಳ. ನನ್ನ ಲಿಂಕಿನ ಬಾಲದಲ್ಲಿ ನನ್ನ ಗುರುತು ಇರುತ್ತದೆ. ನೀವು ಅದನ್ನು ಒತ್ತಿ ಒಳಗೆ ಹೋದರೆ 24 ಗಂಟೆ ನೀವು ನನ್ನ ಗಿರಾಕಿ. ಅಷ್ಟರೊಳಗೆ ನೀವು ಹೆಚ್ಚುಕಡಿಮೆ ಏನು ಕೊಂಡರೂ ನನಗೆ ಪಾಲು. ಕುಕ್ಕರ್ ನೋಡಲು ಹೋದವರು ಮಗುವಿನ ಡೈಪರ್ ಕೊಂಡು ಬಂದಿದ್ದಾರೆ, ನನಗೆ ಡೈಪರ್ ಕಮಿಷನ್ ಬಂದಿದೆ. ಯಾರು ಕೊಂಡರು ಅನ್ನುವುದು ನನಗೆ ಕಾಣುವುದಿಲ್ಲ, ಏನು ಕೊಂಡರು ಅನ್ನುವುದಷ್ಟೇ ಕಾಣುತ್ತದೆ. ಮಧ್ಯದಲ್ಲಿ ಇನ್ಯಾರದ್ದೋ ಲಿಂಕ್ ಒತ್ತಿದಿರೋ, ಕಮಿಷನ್ ಅವರದ್ದು. ಸಾಮಾನು ವಾಪಸ್ ಕಳಿಸಿದಿರೋ, ಕಮಿಷನ್ ಕೂಡ ವಾಪಸ್. ಎಲ್ಲ ಸರಿಯಾಗಿದ್ದರೆ ದುಡ್ಡು ಬ್ಯಾಂಕಿಗೆ ಬರುವುದು ಸುಮಾರು ಎರಡು ತಿಂಗಳು ಕಳೆದ ಮೇಲೆ.

ಕೊನೆಗೆ ಯಾರ ಲಿಂಕೋ ಅವರಿಗೇ ದುಡ್ಡು ಅನ್ನುವ ಈ ನಿಯಮದ ಮೇಲೆ ದೊಡ್ಡ ಜಗಳವೇ ಆಗಿದೆ. ಆನ್‌ಲೈನಲ್ಲಿ ದುಡ್ಡು ಕಟ್ಟಿಸುವ ಕಂಪನಿ ಪೇಪಾಲ್ 2020ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಹನಿ ಅನ್ನುವ ಎಕ್ಸ್‌ಟೆನ್ಷನ್ ಕೊಂಡಿತ್ತು. ಬ್ರೌಸರಿಗೆ ಅಂಟಿಕೊಂಡು ರಿಯಾಯಿತಿ ಕೂಪನ್ ಹುಡುಕಿಕೊಡುವ ಸಣ್ಣ ಪ್ರೋಗ್ರಾಂ ಅದು. ದುಡ್ಡು ಕಟ್ಟುವ ಕೊನೇ ಗಳಿಗೆಯಲ್ಲಿ ಯೂಟ್ಯೂಬರ್‌ಗಳ ಗುರುತು ಅಳಿಸಿ ಅದು ತನ್ನ ಗುರುತು ಹಾಕುತ್ತದೆ ಅಂತ 2024ರ ಡಿಸೆಂಬರಲ್ಲಿ ಆರೋಪ ಬಂತು. ಯೂಟ್ಯೂಬರ್‌ಗಳು ಕೋರ್ಟಿಗೂ ಹೋದರು. ತಮಾಷೆ ಅಂದರೆ, ಅದನ್ನು ಜನರಿಗೆ ಪರಿಚಯ ಮಾಡಿಸಿದವರಲ್ಲಿ ದುಡ್ಡು ತಗೊಂಡು ಪ್ರಚಾರ ಮಾಡಿದ ಯೂಟ್ಯೂಬರ್‌ಗಳೂ ಇದ್ದರು.

ಈಗ ದರಕ್ಕೆ ಬರೋಣ. ಮೊಬೈಲ್ ಫೋನಿಗೆ ಕಮಿಷನ್ ತೀರಾ ಕಡಿಮೆ. ಶೇಕಡಾ 1 ಅಂತ ಇಟ್ಟುಕೊಳ್ಳಿ. 20,000 ರೂಪಾಯಿ ಫೋನಿಗೆ 200 ರೂಪಾಯಿ. ತಿಂಗಳಿಗೆ 30,000 ದುಡಿಯಬೇಕು ಅಂದರೆ 150 ಫೋನ್ ಮಾರಬೇಕು. ಲಿಂಕ್ ಒತ್ತಿದ ನೂರು ಜನರಲ್ಲಿ ಒಬ್ಬರು ಕೊಂಡರೂ ಸಂತೋಷ. ಅಂದರೆ 15,000 ಸಲ ಲಿಂಕ್ ಒತ್ತಬೇಕು. ವಿಡಿಯೋ ನೋಡುವವರಲ್ಲಿ ಲಿಂಕ್ ಒತ್ತುವವರೇ ಕಡಿಮೆ, ಹಾಗಾಗಿ ನೋಡುವವರು ಲಕ್ಷಗಟ್ಟಲೆ ಬೇಕು. ಪ್ರತಿ ತಿಂಗಳೂ ಬೇಕು. ಕನ್ನಡದಲ್ಲಿ ಇದು ಆಗುವುದೇ ಇಲ್ಲ ಅಂತಲ್ಲ. ಆದರೆ ಹೊಸದಾಗಿ ಚಾನೆಲ್ ಶುರು ಮಾಡಿದ ಹುಡುಗನಿಗೆ ಎಷ್ಟು ದೂರದ ಮಾತು ನೋಡಿ.

ಅಡುಗೆ ಸಾಮಾನಿಗೆ, ಬಟ್ಟೆಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಅದೂ ಕಂಪನಿ ಇಷ್ಟಪಟ್ಟಷ್ಟು ದಿನ. 2020ರ ಏಪ್ರಿಲಲ್ಲಿ ಅಮೆರಿಕದಲ್ಲಿ ಅಮೆಜಾನ್ ಫರ್ನಿಚರ್ ಕಮಿಷನ್ನನ್ನು ಶೇಕಡಾ 8ರಿಂದ 3ಕ್ಕೆ ಇಳಿಸಿತು. ವರ್ಷಗಟ್ಟಲೆ ಸೋಫಾ, ಮಂಚ ಅಂತ ಬರೆದು ಗಿರಾಕಿ ಸಂಪಾದಿಸಿದವರ ಆದಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇದಕ್ಕೆ ಪ್ಯಾಸಿವ್ ಇನ್‌ಕಮ್, ಅಂದರೆ ಕೂತಲ್ಲೇ ಬರುವ ಆದಾಯ, ಅಂತ ಹೆಸರು!

ಹಾಗಿದ್ದರೆ ಹೊಸ ಚಾನೆಲಿನ ಆ ಹುಡುಗ ಏನು ಮಾಡುತ್ತಾನೆ? ಫೋನ್ ಬಿಟ್ಟು ಜಾಸ್ತಿ ಕಮಿಷನ್ ಇರುವ ಕಡೆ ಹೋಗುತ್ತಾನೆ. ಒಬ್ಬರಿಗೆ ಕ್ರೆಡಿಟ್ ಕಾರ್ಡ್ ಮಾಡಿಸಿದರೆ ಹಲವಾರು ಫೋನ್ ಮಾರಿದಷ್ಟು ಸಿಗುತ್ತದೆ. ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ತೆರೆಸಿದರೂ ಕಾಸು. ಫೋನ್ ರಿವ್ಯೂ ಮಾಡುತ್ತಿದ್ದವನು ಇದ್ದಕ್ಕಿದ್ದ ಹಾಗೆ "ಹಣದ ಬಗ್ಗೆ ಅರಿವು" ಮೂಡಿಸಲು ಶುರು ಮಾಡಿದರೆ ಅದಕ್ಕೆ ಕಾರಣ ಇದೇ ಇರಬಹುದು. ತಪ್ಪು ಅಂತ ಹೇಳಲಾರೆ. ಕ್ರೆಡಿಟ್ ಕಾರ್ಡ್ ಕೆಲವರಿಗೆ ಬೇಕಾಗುತ್ತದೆ. ಯಾರಿಗೆ ಬೇಡ ಅನ್ನುವುದನ್ನು ಮಾತ್ರ ಆ ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು ಮೆಟ್ಟಿಲು ಮೇಲೆ ಕೋರ್ಸ್ ಇದೆ. ನಮ್ಮ ಬೀದಿಯ ಒಬ್ಬ ಡಿಗ್ರಿ ಹುಡುಗ ಹೋದ ವರ್ಷ ನನ್ನ ಹತ್ತಿರ ಬಂದಿದ್ದ.

"ಅಕ್ಕಾ, ನೀವು ಹೆಂಗೂ ಲಿಂಕ್ ಹಾಕ್ತೀರಲ್ಲ, ನಮ್ ಟೀಮಿಗೆ ಬನ್ನಿ."

"ಏನಪ್ಪಾ ಮಾರ್ಬೇಕು?"

"ಕೋರ್ಸ್ ಅಕ್ಕಾ."

"ಕೋರ್ಸಲ್ಲಿ ಏನ್ ಕಲಿಸ್ತಾರೆ?"

"ಅಫಿಲಿಯೇಟ್ ಮಾರ್ಕೆಟಿಂಗ್."

"ಕಲ್ತವ್ರು ಏನ್ ಮಾರ್ತಾರೆ?"

ಹುಡುಗ ಸ್ವಲ್ಪ ಹೊತ್ತು ಯೋಚಿಸಿ "ಅದೇ ಕೋರ್ಸ್" ಅಂದ. ಅವನಿಗೂ ನಗು ಬಂತು.

ಇಂಥ ಪ್ಯಾಕೇಜಿಗೆ ಕೆಲವು ಸಾವಿರ ರೂಪಾಯಿ ಇರುತ್ತದೆ. ಸೇರಿಸಿದವರಿಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಡುವ ಕಡೆಗಳೂ ಇವೆ. ಮಿಕ್ಸಿ ಮಾರುವ ಯಾವ ಅಂಗಡಿಯೂ ಇಷ್ಟು ಕೊಡಲಾರದು. ಮಿಕ್ಸಿಗೆ ಮೋಟಾರ್ ಬೇಕು, ಬ್ಲೇಡ್ ಬೇಕು, ಸಾಗಿಸುವ ಖರ್ಚಿದೆ. ಆ ಪ್ಯಾಕೇಜಲ್ಲಿ ಇರುವುದು ಒಂದಿಷ್ಟು ವಿಡಿಯೋ, ಮುಂದಿನವನನ್ನು ಸೇರಿಸುವ ಹಕ್ಕು. ನಾಳೆಯಿಂದ ಹೊಸಬರು ಸೇರುವುದು ನಿಂತರೆ ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿ ನೋಡಿ. ಉತ್ತರ ಇಲ್ಲದಿದ್ದರೆ ಅದು ಹಳೆಯ ಚೈನ್ ಲಿಂಕೇ. 1978ರಲ್ಲೇ ಹಣದ ಸುತ್ತು ಸ್ಕೀಮುಗಳನ್ನು ನಿಷೇಧಿಸಿದ ಕಾಯ್ದೆ ಬಂದಿದೆ. 2021ರ ಡಿಸೆಂಬರಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಇಂಥ ಚೈನ್, ಅಂದರೆ ಪಿರಮಿಡ್ ಸ್ಕೀಮ್, ನಡೆಸಬಾರದು ಅನ್ನುತ್ತವೆ. ಆದರೂ ಸ್ಟೇಟಸ್ಸಲ್ಲಿ ಪೇಮೆಂಟ್ ಸ್ಕ್ರೀನ್‌ಶಾಟ್ ನಿಂತಿಲ್ಲ. ಆ ಸ್ಕ್ರೀನ್‌ಶಾಟಲ್ಲಿ ಬಂದ ದುಡ್ಡು ಕಾಣುತ್ತದೆ, ಸೇರಲು ಅಪ್ಪನ ಹತ್ತಿರ ಇಸಕೊಂಡಿದ್ದು ಕಾಣುವುದಿಲ್ಲ.

ಇನ್ನು ಬೆಟ್ಟಿಂಗ್ ಆ್ಯಪಿನ ಲಿಂಕ್. ಅಲ್ಲಿನ ಒಂದು ಪದ್ಧತಿ ಕೇಳಿದರೆ ಹೊಟ್ಟೆ ತೊಳಸುತ್ತದೆ. ನಿಮ್ಮ ಲಿಂಕಿಂದ ಬಂದವನು ಸೋತ ದುಡ್ಡಿನಲ್ಲಿ ನಿಮಗೆ ಇಷ್ಟು ಪರ್ಸೆಂಟ್. ಅವನು ಎಷ್ಟು ಸೋತರೆ ನಿಮಗೆ ಅಷ್ಟು ಲಾಭ. "ಗೆದ್ದುಬಿಡಿ ಗುರು" ಅಂತ ಹುರಿದುಂಬಿಸುವವನಿಗೆ ನೀವು ಗೆದ್ದರೆ ನಷ್ಟ! 2025ರ ಆಗಸ್ಟಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಇದಕ್ಕೆ ಕಾನೂನು ಬರುವವರೆಗೆ ಕಾಯಬೇಕಿತ್ತಾ ಅನ್ನುವುದು ನನ್ನ ಸಿಟ್ಟು.

ಮೇಲಿನದ್ದನ್ನೆಲ್ಲ ಮತ್ತೊಮ್ಮೆ ನೋಡಿ. ಉಪಯೋಗಕ್ಕೆ ಬರುವ ಸಾಮಾನಿಗೆ ಪುಡಿಗಾಸು, ಕೈ ಸುಡುವುದಕ್ಕೆ ಕಂತೆ ಕಂತೆ. ಕಾರಣ ಇಲ್ಲದೆ ಏನಿಲ್ಲ. ಒಳ್ಳೆ ಕುಕ್ಕರನ್ನು ಜನ ತಾವೇ ಹುಡುಕಿಕೊಂಡು ಬರುತ್ತಾರೆ, ತೋರಿಸಿದವರಿಗೆ ಜಾಸ್ತಿ ಕೊಡುವ ಅಗತ್ಯ ಕಂಪನಿಗಿಲ್ಲ. ಯಾರೂ ತಾವಾಗಿ ಹುಡುಕದ್ದನ್ನು ಮಾರಬೇಕಾದಾಗ, ನಿಮ್ಮ ಮೇಲೆ ಜನ ಇಟ್ಟ ನಂಬಿಕೆಗೇ ಬೆಲೆ ಕಟ್ಟಬೇಕಾಗುತ್ತದೆ.

ದಲಾಲಿ ತಪ್ಪಲ್ಲ. ಅಡಿಕೆ ಮಂಡಿಯಲ್ಲಿ ದಲಾಲಿ ಯಾರು ಅಂತ ಎಲ್ಲರಿಗೂ ಗೊತ್ತು, ಅವರ ಕಮಿಷನ್ ಎಷ್ಟು ಅಂತಲೂ ಗೊತ್ತು. ನಮ್ಮ ಪೇಜುಗಳಲ್ಲಿ ಎರಡೂ ಮುಚ್ಚಿಟ್ಟಿರುತ್ತದೆ. ದುಡ್ಡು ಅಥವಾ ಬೇರೆ ಲಾಭ ತಗೊಂಡು ಪ್ರಚಾರ ಮಾಡಿದರೆ ಕಣ್ಣಿಗೆ ಕಾಣುವ ಹಾಗೆ ಹೇಳಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚನೆ ಕೊಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ನಾವು ಏನು ಮಾಡುತ್ತೇವೆ? ಇಡೀ ಪೋಸ್ಟ್ ಕನ್ನಡದಲ್ಲಿ ಬರೆದು, ಇಪ್ಪತ್ತು ಹ್ಯಾಶ್‌ಟ್ಯಾಗ್‌ಗಳ ಮಧ್ಯೆ ಇಂಗ್ಲಿಷಲ್ಲಿ ಸಣ್ಣದಾಗಿ "ಆ್ಯಡ್" ಅಂತ ತುರುಕುತ್ತೇವೆ.

ಕಮಿಷನ್ ಇದೆ ಅಂತ ಹೇಳಿದರೆ ಸಾಲದು, ಎಷ್ಟು ಅಂತಲೂ ಹೇಳಬೇಕು ಅನ್ನುವುದು ನನ್ನ ವಾದ. ಕಾನೂನು ಅಷ್ಟು ಕೇಳುವುದಿಲ್ಲ, ನಾವು ಕೇಳೋಣ. ಶೇಕಡಾ 4 ಅಂತ ಕಂಡರೆ ಓದುವವರು ಒಂದು ರೀತಿ ಓದುತ್ತಾರೆ, 60 ಅಂತ ಕಂಡರೆ ಎರಡು ಸಲ ಓದುತ್ತಾರೆ.

"ಹಂಗೆ ಬರೆದ್ರೆ ಜನ ಲಿಂಕ್ ಬಿಟ್ಟು ನೇರ ಹೋಗಿ ತಗೋತಾರೆ ಕಣೇ" ಅಂತ ಗೆಳತಿ ಹೇಳುತ್ತಾಳೆ. ಹೋಗುವವರು ಹೋಗಲಿ, ಕುಕ್ಕರ್ ಬೆಲೆ ಎರಡೂ ಕಡೆ ಒಂದೇ. ಇನ್ನು ಮೇಲೆ ನನ್ನ ಪೇಜಲ್ಲಿ ಪ್ರತಿ ಲಿಂಕಿನ ಮೇಲೆ ನನಗೆ ಎಷ್ಟು ಸಿಗುತ್ತದೆ ಅಂತ ಬರೆದಿರುತ್ತದೆ. ಈ ವಾರ ಟಿಲ್ಟಿಂಗ್ ಗ್ರೈಂಡರ್ ಬಗ್ಗೆ ಬರೆಯುತ್ತಿದ್ದೇನೆ, ಅಲ್ಲಿಂದಲೇ ಶುರು. ನೀವು ಫಾಲೋ ಮಾಡುವ ಬೇರೆ ಪೇಜುಗಳಲ್ಲೂ ಕಾಮೆಂಟಲ್ಲಿ ಸುಮ್ನೆ ಒಂದು ಸಲ ಕೇಳಿ ನೋಡಿ.