ಚರ್ಚ್ ಸ್ಟ್ರೀಟಿನ ಗಗನಯಾತ್ರಿಗಳು

ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಬಿಯರ್ ಕುಡಿಯಬೇಕಾದರೆ ಮೊದಲು ಬೆಂಗಳೂರು ಬಿಟ್ಟು ಹೋಗಬೇಕಿತ್ತು. ಹಾಗಂತ ರೈಲು ಹತ್ತಬೇಕಾಗಿರಲಿಲ್ಲ. ಚರ್ಚ್ ಸ್ಟ್ರೀಟಿನ ‘ನಾಸಾ’ ಪಬ್ಬಿನೊಳಗೆ ಕಾಲಿಟ್ಟರೆ ಬಾಹ್ಯಾಕಾಶ ನೌಕೆ. ಎಂ.ಜಿ. ರಸ್ತೆಯ ‘ಅಂಡರ್‌ಗ್ರೌಂಡ್’ಗೆ ಹೋದರೆ ಲಂಡನ್ನಿನ ಸುರಂಗ ರೈಲಿನ ಸ್ಟೇಷನ್. ರೆಸಿಡೆನ್ಸಿ ರಸ್ತೆಯ ‘ಪಬ್ ವರ್ಲ್ಡ್’ನಲ್ಲಿ ಒಂದು ಮೂಲೆ ಕೌಬಾಯ್‌ಗಳ ಅಮೆರಿಕ, ಇನ್ನೊಂದು ಮೂಲೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡ್. ಅದೇ ರಸ್ತೆಯಲ್ಲಿ ‘ಬ್ಲ್ಯಾಕ್ ಕ್ಯಾಡಿಲಾಕ್’, ಹೆಸರು ಕೇಳಿದರೇನೇ ಬಿಲ್ಲು ಜಾಸ್ತಿ ಬರುತ್ತೆ ಅನ್ನಿಸುವಂಥದ್ದು. ಇವತ್ತು ಈ ಪಬ್ಬುಗಳು ಯಾವುವೂ ಇಲ್ಲ.

ನಾಸಾದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ಸಪ್ಲೈಯರ್ ಹುಡುಗರಿಗೂ ಗಗನಯಾತ್ರಿಗಳ ವೇಷ. ಮೆನು ಹಿಡಿದು ಬಂದ ಗಗನಯಾತ್ರಿ ಮೊದಲು ಇಂಗ್ಲಿಷಿನಲ್ಲಿ ಗುಡ್ ಈವನಿಂಗ್ ಅನ್ನುತ್ತಿದ್ದ. ನಾವು ರೇಟು ನೋಡಿ ಕನ್ನಡದಲ್ಲಿ ಗೊಣಗುವುದು ಕಿವಿಗೆ ಬಿತ್ತೋ, ಅಂತರಿಕ್ಷದಿಂದ ಸೀದಾ ಕುಂದಾಪುರಕ್ಕೆ ಇಳಿದುಬಿಡುತ್ತಿದ್ದ. ‘ಪಿಚರ್ ತಕೊಳ್ಳಿ ಸರ್, ಮಗ್ ಲೆಕ್ಕದಲ್ಲಿ ಹೋದ್ರೆ ನಿಮ್ಗೇ ಲಾಸು.’ ಪಿಚರ್ ಅಂದರೆ ಬಿಯರ್ ತುಂಬಿದ ದೊಡ್ಡ ಜಗ್. ನಾಲ್ಕು ಜನಕ್ಕೆ ಒಂದು. ಜೊತೆಗೆ ಬರುವ ಕಡಲೆಕಾಯಿ ಬೀಜ ಪುಕ್ಕಟೆ. ಬಟ್ಟಲು ಖಾಲಿಯಾದಾಗೆಲ್ಲ ನಾವು ಕೇಳುವ ಮೊದಲೇ ಅವನು ತುಂಬಿಸಿ ಹೋಗುತ್ತಿದ್ದ. ಸಂಬಳದ ವಾರ ಬಿಟ್ಟರೆ ಮಿಕ್ಕ ದಿನ ನಮ್ಮ ರಾತ್ರಿ ಊಟ ಅದೇ.

ಅದಕ್ಕೂ ಮುಂಚೆ ಕುಡಿತ ಅಂದರೆ ಬಾರ್ ಅಂಡ್ ರೆಸ್ಟೋರೆಂಟು. ಹೊರಗೆ ನಿಂತು ಆ ಕಡೆ ಈ ಕಡೆ ನೋಡಿ, ಪರಿಚಯದವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಳಗೆ ನುಗ್ಗಬೇಕು. ಒಳಗೆ ಮಬ್ಬು ದೀಪ, ಕ್ಯಾಬಿನ್ನಿಗೊಂದು ಎಣ್ಣೆಜಿಡ್ಡಿನ ಪರದೆ. ಎಲ್ಲ ಹಾಗೇ ಇದ್ದವು ಅಂತಲ್ಲ. ಬಂಬೂ ಬಜಾರಿನ ಡೀವರ್ಸ್ ಬಾರ್ 1933ರಿಂದ ಬೆತ್ತದ ಕುರ್ಚಿ ಹಾಕಿಕೊಂಡು ಮರ್ಯಾದಸ್ಥರ ಥರ ಕೂತಿತ್ತು. ಅದೂ ಈಗ ಮುಚ್ಚಿದೆ. ಆದರೆ ಹೆಂಗಸರು ಆರಾಮವಾಗಿ ಬಂದು ಕೂರುವ, ಜೋರಾಗಿ ನಗುವ ಜಾಗ ಆದದ್ದು ಪಬ್ಬುಗಳು ಬಂದ ಮೇಲೇ. 80ರ ದಶಕದಲ್ಲಿ ಮದ್ಯದ ಉದ್ಯಮಿ ಖೋಡೆಯವರು ಶುರು ಮಾಡಿದ ‘ರಮಾಡಾ’ವೇ ಮೊದಲನೆಯದು ಅಂತ ಹಳಬರು ಹೇಳುತ್ತಾರೆ. ಆಮೇಲೆ ನೋಡನೋಡುತ್ತಿದ್ದಂತೆ ಇಡೀ ದೇಶದ ಪಬ್ ರಾಜಧಾನಿ ಅನ್ನಿಸಿಕೊಂಡೆವು. ಬೆಂಗಳೂರಿಗೆ ಬಿರುದುಗಳು ಯಾವತ್ತೂ ಕೇಳದೆಯೇ ಬರುತ್ತವೆ.

ಇಲ್ಲೇ ಯಾಕೆ ಅಂದರೆ, ಹವೆ ಒಂದು ಕಾರಣ. ಇನ್ನೊಂದು ಡ್ರಾಟ್ ಬಿಯರು, ಅಂದರೆ ಪೀಪಾಯಿಯಿಂದ ನಲ್ಲಿಯಲ್ಲಿ ಹಿಡಿದು ಕೊಡುವ ಬಿಯರು. ಬಾಟಲಿಯದು ಪಾಶ್ಚರೀಕರಣ ಆಗಿರುತ್ತೆ, ತಿಂಗಳುಗಟ್ಟಲೆ ಇಡಬಹುದು. ಡ್ರಾಟ್ ಹಾಗಲ್ಲ. ತಣ್ಣಗೆ ಇಟ್ಟು ಬೇಗ ಖಾಲಿ ಮಾಡಬೇಕು. ಬೇಗ ಖಾಲಿ ಮಾಡುವುದಕ್ಕೆ ಬೆಂಗಳೂರಿನವರು ತಯಾರಿದ್ದರು. ಬಿಯರ್ ನಂಟು ಈ ಊರಿಗೆ ಹೊಸದೂ ಅಲ್ಲ. 1915ರಲ್ಲಿ ಶುರುವಾದ ಯುನೈಟೆಡ್ ಬ್ರೂವರೀಸ್ ಬ್ರಿಟಿಷ್ ಸೋಲ್ಜರುಗಳಿಗೆ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಬಿಯರ್ ಕಳಿಸುತ್ತಿತ್ತು. ಅದರ ಬ್ರೂವರಿ, ಅಂದರೆ ಬಿಯರ್ ಕಾರ್ಖಾನೆ, ಇದ್ದ ಜಾಗದಲ್ಲೇ ಈಗ ಯು.ಬಿ. ಸಿಟಿ ಅನ್ನುವ ಐಷಾರಾಮಿ ಮಾಲ್ ಎದ್ದಿದೆ. ಅಲ್ಲಿ ಒಂದು ಹ್ಯಾಂಡ್‌ಬ್ಯಾಗಿನ ಬೆಲೆಗೆ ನಮ್ಮ ಕಾಲದ ಪಿಚರ್ ಎಷ್ಟು ಬರುತ್ತಿತ್ತು ಅಂತ ಲೆಕ್ಕ ಹಾಕುತ್ತಾ ನಿಂತಿದ್ದೆ. ಸೆಕ್ಯೂರಿಟಿಯವರು ಬಂದು ‘ಏನು ಬೇಕಿತ್ತು ಸರ್’ ಅಂದರು.

ಬಸವನಗುಡಿಯ ನಮ್ಮಂಥವರಿಗೆ ದಂಡು, ಅಂದರೆ ಎಂ.ಜಿ. ರಸ್ತೆ ಸುತ್ತಿನ ಹಳೇ ಕಂಟೋನ್ಮೆಂಟು, ಅರ್ಧ ವಿದೇಶವೇ. ಅಲ್ಲಿ ನಮ್ಮನ್ನು ಯಾರು ನೋಡುತ್ತಾರೆ ಅನ್ನುವ ಧೈರ್ಯ. ಒಂದು ಸಂಜೆ ಪಬ್ಬಿನಲ್ಲಿ ತಲೆ ಎತ್ತಿದರೆ ಎದುರಿನ ಟೇಬಲ್ಲಿನಲ್ಲಿ ಗೆಳೆಯನ ಚಿಕ್ಕಪ್ಪ. ಕೈಯಲ್ಲಿ ಮಗ್, ಮೀಸೆ ಮೇಲೆ ನೊರೆ. ಅವರು ಗೋಡೆ ನೋಡಿದರು, ನಾನು ಛಾವಣಿ ನೋಡಿದೆ. ಸ್ವಲ್ಪ ದಿನ ಬಿಟ್ಟು ಯಾರದೋ ಗೃಹಪ್ರವೇಶದಲ್ಲಿ ಸಿಕ್ಕರು. ‘ಏನಪ್ಪಾ, ಕಾಣೋದೇ ಇಲ್ವಲ್ಲ’ ಅಂದರು. ‘ಕೆಲಸ ಜಾಸ್ತಿ ಅಂಕಲ್’ ಅಂದೆ. ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಊಟ ಮಾಡಿದೆವು. ಬಡಿಸುವವರನ್ನು ತಾವೇ ಕರೆದು ನನಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅದು ಲಂಚ ಅಂತ ನನಗೆ ಈಗಲೂ ಅನುಮಾನ.

ಮುಚ್ಚಿದ್ದು ಯಾಕೆ ಅಂದರೆ ಒಂದೇ ಉತ್ತರ ಇಲ್ಲ. ಬಾಡಿಗೆ ಏರಿತು. ಮೆಟ್ರೋ ಕೆಲಸಕ್ಕೆ ಎಂ.ಜಿ. ರಸ್ತೆಯನ್ನು ವರ್ಷಗಟ್ಟಲೆ ಅಗೆದರು. ಹೊಸ ಕೆಲಸದ ಹೊಸ ಹುಡುಗರು ಕೋರಮಂಗಲ, ಇಂದಿರಾನಗರದಲ್ಲಿ ಮನೆ ಮಾಡಿದರು, ಕುಡಿಯುವುದಕ್ಕೆ ದಂಡಿನವರೆಗೆ ಯಾರು ಬರುತ್ತಾರೆ? ಅಳಿದುಳಿದವರಿಗೆ ಹೆದ್ದಾರಿ ಗಂಟುಬಿತ್ತು. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಜುಲೈನಲ್ಲಿ ಆ ಸುತ್ತಿನ ಪಬ್ಬುಗಳೆಲ್ಲ ಸಾಲಾಗಿ ಬಾಗಿಲು ಹಾಕಿದವು. ಎಂ.ಜಿ. ರಸ್ತೆ ಹೆದ್ದಾರಿ ಅಂತ ನಮಗೆ ಗೊತ್ತಾಗಿದ್ದೇ ಆಗ! ಸಂಜೆ ಆರಕ್ಕೆ ಅನಿಲ್ ಕುಂಬ್ಳೆ ಸರ್ಕಲ್ಲಿನಿಂದ ಟ್ರಿನಿಟಿವರೆಗೆ ಆ ಹೆದ್ದಾರಿಯಲ್ಲಿ ಕಾರು ಓಡಿಸಿ ನೋಡಿ. ಕುಡಿಯದೇ ಇದ್ದವನಿಗೂ ತಲೆ ತಿರುಗುತ್ತದೆ. ಊರೊಳಗಿನ ರಸ್ತೆಗಳ ಮಾತು ಬೇರೆ ಅಂತ ಇತ್ಯರ್ಥವಾಗಿ ಆಮೇಲೆ ಬಾಗಿಲು ತೆರೆದವು. ಹಳೇ ಪಬ್ಬುಗಳಲ್ಲಿ ಬಹಳಷ್ಟಕ್ಕೆ ಅಷ್ಟರಲ್ಲಾಗಲೇ ಬೀಗ ಬಿದ್ದಿತ್ತು.

ಮೊನ್ನೆ ಅಕ್ಕನ ಮಗ ಇಂದಿರಾನಗರದ ಒಂದು ಬ್ರೂವರಿಗೆ ಕರೆದುಕೊಂಡು ಹೋಗಿದ್ದ. ಬಿಯರನ್ನು ಅಲ್ಲೇ ಗಾಜಿನ ಹಿಂದೆ ತಯಾರಿಸುತ್ತಾರೆ. ಗೋಡೆ ತುಂಬಾ ಏನಿತ್ತು ಹೇಳಿ? ಹಳೇ ಬೆಂಗಳೂರಿನ ಕಪ್ಪು ಬಿಳುಪು ಫೋಟೋಗಳು. ಜಟಕಾ, ಸೌತ್ ಪರೇಡ್ ಅನ್ನಿಸಿಕೊಂಡಿದ್ದ ಕಾಲದ ಎಂ.ಜಿ. ರಸ್ತೆ, ಅದೂ ಖಾಲಿ ಖಾಲಿ. ನಮಗೆ ಬೆಂಗಳೂರಿನಲ್ಲಿ ಕೂತು ಲಂಡನ್ ನೋಡುವ ಆಸೆ ಇತ್ತು. ಇವರಿಗೆ ಬೆಂಗಳೂರಿನಲ್ಲಿ ಕೂತು ಬೆಂಗಳೂರು ನೋಡಬೇಕು. ಎರಡಕ್ಕೂ ದುಡ್ಡು ಕೊಡಲೇಬೇಕು.

ಅಷ್ಟರಲ್ಲಿ ಹಲಗೆಯ ಮೇಲೆ ಸಾಲಾಗಿ ತೀರ್ಥದ ಅಳತೆಯ ಗ್ಲಾಸುಗಳು ಬಂದವು.

‘ಮಾಮ, ಇದು ಗೋಧಿ ಬಿಯರು. ಬಾಳೆಹಣ್ಣಿನ ವಾಸನೆ ಬರುತ್ತೆ ನೋಡಿ.’

‘ಬಿಯರಿಗೆ ಬಾಳೆಹಣ್ಣು ಯಾಕೋ ಹಾಕ್ತಾರೆ?’

‘ಹಾಕಲ್ಲ ಮಾಮ, ಅದು ಈಸ್ಟಿನ ಗುಣ. ಸುಮ್ನೆ ಕುಡೀರಿ.’

ಕುಡಿದೆ. ಮೊದಲ ಗುಟುಕಿಗೆ ಏನೂ ಗೊತ್ತಾಗಲಿಲ್ಲ. ಎರಡನೆಯದಕ್ಕೆ ನಿಜವಾಗಿಯೂ ಬಾಳೆಹಣ್ಣು ಸಿಕ್ಕಿತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಸೋಲಬಾರದಲ್ವಾ?

‘ಇದು ಪಚ್ಚಬಾಳೆ ಕಣೋ, ಏಲಕ್ಕಿ ಬಾಳೆ ಇಲ್ವಾ ಕೇಳು’ ಅಂದೆ.

ಅವನು ನಿಜಕ್ಕೂ ಎದ್ದು ಹೋಗಿ ಕೇಳಿಕೊಂಡು ಬಂದ.